ಆಯಿಯ ಬಾಗಿಲ ಚಿಲಕ

ಹೈದರಾಬಾದಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ, ಭಾನುವಾರಗಳಂದು ಗಾರೆ ಕೆಲಸದ ಯಾದಗಿರಿಯ ಗೌಂಡಿಯೊಬ್ಬನ ಜೊತೆ ನಮ್ಮ ಓಣಿಯ ಮುದುಕರ ಮನೆಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದೆ. ನಾವೆಲ್ಲ ಆಯಿ ಎನ್ನುತ್ತಿದ್ದ ಒಂಟಿ ಮುದುಕಿ, ಮಾಳಿಗೆ ಸೋರುತ್ತಿದೆ ಎಂದು ಕರೆದಿದ್ದಳು. ಗೌಂಡಿ ಮೇಲೆ ಹತ್ತಿದ. ನನ್ನ ಕಣ್ಣು ಬಾಗಿಲ ಮೇಲೆ ಬಿತ್ತು. ಅದರ ಚಿಲಕ ಮುರಿದು ಎಷ್ಟೋ ವರ್ಷವಾಗಿತ್ತು. ತಳ್ಳಿದರೆ ಸಾಕು, ತೆರೆದುಕೊಳ್ಳುತ್ತಿತ್ತು.

“ಬಾಗಿಲಾ ಹಂಗೇ ಇರ್ಲಿ ಬಿಡಪ್ಪಾ. ಬಾಜೂಮನಿ ಹೆಣ್ಮಗಳು ಮುಂಜಾನೆ ಚಾ ತಗೊಂಡು ಬರ್ತಾಳ,” ಎಂದಳು ಆಯಿ.

“ಕಳ್ಳ ಬಂದ್ರ ಏನ್ ಮಾಡ್ತಿ?” ಎಂದು ಗದರಿದೆ. ಅರೆಬರೆ ಕೆಲಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದಪ್ಪ ಕಬ್ಬಿಣದ ಚಿಲಕ ತಂದು, ಹೊರಗಿನಿಂದ ಯಾರೂ ಬಿಚ್ಚಲಾಗದಂತೆ ಬೋಲ್ಟು ಬಿಗಿದೆ. ಮಲಗುವಾಗ ತಪ್ಪದೆ ಹಾಕಿಕೊಳ್ಳುತ್ತೇನೆಂದು ಅವಳಿಂದ ಆಣೆ ಮಾಡಿಸಿದೆ.

ಮೂರನೆಯ ಮುಂಜಾನೆ, ಚಾ ತಂದ ಆ ಹೆಂಗಸು ಚೀರುತ್ತ ನಮ್ಮ ಮನೆಗೆ ಓಡಿಬಂದಳು. ಹೋಗಿ ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಆಯಿ ನರಳುತ್ತಿದ್ದಳು. ಹಾರೆ ಹಾಕಿ ಮೀಟಿದೆ, ಸುತ್ತಿಗೆಯಿಂದ ಬಡಿದೆ. ಕೊನೆಗೆ ಗೋಡೆ ಒಡೆದು ಚೌಕಟ್ಟೇ ಕಿತ್ತು ಬಂತು. ಚಿಲಕ ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಒಳಗೆ ನರಳಾಟ ನಿಂತು ಬಹಳ ಹೊತ್ತಾಗಿತ್ತು.