ಪಾಕ್ ಮರ್ಸುದಿ ಕುರ್ಚಿಯಿಂದ ಬಿದ್ದದ್ದು

'ಮೆನ್‌ಜತುಹ್‌ಕನ್' ಎಂದರೆ ಇಂಡೊನೇಷ್ಯನ್ ಭಾಷೆಯಲ್ಲಿ ಬೇಕೆಂದೇ ಬೀಳಿಸುವುದು. ಪಾಕ್ ಮರ್ಸುದಿ ಕುರ್ಚಿ ಹತ್ತಿ ನಿಂತು, ಡಸ್ಟರನ್ನು ಕೆಳಗೆ ಬಿಟ್ಟು ತೋರಿಸಿದರು. 'ತೆರ್‌ಜತುಹ್' ಎಂದರೆ ಬಯಸದೆಯೇ ಬಿದ್ದುಬಿಡುವುದು. ಅದನ್ನು ಬಾಯಲ್ಲಿ ಹೇಳುವಷ್ಟರಲ್ಲಿ ಅವರ ಎಡಗಾಲು ಕೈಕೊಟ್ಟಿತು. ಮೇಷ್ಟ್ರು ನೆಲದ ಮೇಲೆ, ಅವರ ಕರಿ ಟೋಪಿ ಬಾಗಿಲಲ್ಲಿ. ಪರದೇಶದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ ಪದವನ್ನು ಬರೆದುಕೊಂಡರು.

ಬಾಗಿಲಲ್ಲಿ ನಿಂತಿದ್ದವರು ಶಾಲೆಯ ಒಡತಿ ಬು ಲಾರಾಸತಿ.

ಇಂಡೊನೇಷ್ಯಾದ ಜೋಗ್ಜಾ ಊರಿನ ಆ ಭಾಷಾಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ; ಇಂಡೊನೇಷ್ಯನ್ ಕಲಿತದ್ದು ಮರ್ಸುದಿಯವರಿಂದಲೇ, ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬು' ಎಂದು ಗೌರವ ಸೇರಿಸುವುದರಿಂದ ಹಿಡಿದು. ಜೀವಮಾನವಿಡೀ ಅವರು ಟೋಪಿ ಹಾಕಿದ್ದು ಕ್ರಿಯಾಪದಗಳಿಗೆ ಮಾತ್ರ. 'ತೆರೆ' ಎಂಬ ಪದದ ತಲೆಗೆ 'ಮೆ' ತೊಡಿಸಿದರೆ ಬಾಗಿಲು ತೆರೆದವನು ಎದುರಿಗೇ ಇರುತ್ತಾನೆ. 'ದಿ' ತೊಡಿಸಿದರೆ ಬಾಗಿಲು ಮುಂದೆ ಬಂದು, ತೆರೆದವನು ಮರೆಗೆ ಸರಿಯುತ್ತಾನೆ. 'ತೆರ್' ತೊಡಿಸಿದರೆ ಬಾಗಿಲು ತಾನಾಗಿಯೇ ತೆರೆದುಕೊಂಡಿರುತ್ತದೆ, ಯಾರನ್ನೂ ದೂರುವ ಹಾಗಿಲ್ಲ. ಒಡತಿಗೂ ಚಿಕ್ಕಂದಿನಲ್ಲಿ ಇದೇ ಪಾಠ ಹೇಳಿದ್ದರು.

ಮೇಷ್ಟ್ರ ಕಾಲು ಸೋಲತೊಡಗಿ ಬಹಳ ದಿನವಾಗಿತ್ತು. ಹೇಳಿಕೊಂಡರೆ ತರಗತಿ ಹೋಗುತ್ತದೆಂದು ಮುಚ್ಚಿಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಜೊತೆ ಮಾತಾಡುತ್ತಿದ್ದದ್ದು ಆ ಪರದೇಶಿಗಳು ಮಾತ್ರ, ಅದೂ ತಪ್ಪು ತಪ್ಪಾಗಿ. ಅವರೂ ಹೋದರೆ ಇವರೇ ಪರದೇಶಿ.

ಸಂಜೆ ಒಡತಿ ಅವರನ್ನು ಕರೆಸಿದರು, ಜೊತೆಗೆ ನನ್ನನ್ನೂ. ಮುಚ್ಚಳ ಮುಚ್ಚಿದ ಚಹಾ ಗ್ಲಾಸುಗಳು ಬಂದವು. ಮನೆಯವರು 'ಕುಡೀರಿ' ಎನ್ನುವ ತನಕ ಗ್ಲಾಸು ಮುಟ್ಟಬಾರದು. ಈ ಮರ್ಯಾದೆಯನ್ನು ಮೊದಲ ವಾರವೇ ನಮಗೆಲ್ಲ ಕಲಿಸಿದ್ದೂ ಮರ್ಸುದಿಯವರೇ. ಒಡತಿ ಮಳೆಯ ಸುದ್ದಿ ಎತ್ತಿದರು, ತಮ್ಮ ತಾಯಿಯ ಮಂಡಿನೋವಿನ ಸುದ್ದಿ ಹೇಳಿದರು. ಚಹಾದ ಸುದ್ದಿ ಮಾತ್ರ ಮರೆತರು.

ಕೊನೆಗೆ, ಉಳಿಸಿಕೊಳ್ಳುವ ಆಸೆಯಿಂದಲೇ ಇರಬೇಕು, ಮೆಲ್ಲನೆ ಕೇಳಿದರು: "ಪಾಠಕ್ಕೆ ಅಂತಾನೇ ಬಿದ್ರಿ ಅಲ್ವಾ, ಪಾಕ್?"

ಹೌದು ಎಂದಿದ್ದರೆ ಸಾಕಿತ್ತು. ಚಪ್ಪಾಳೆಯೇ ಸಾಕ್ಷಿ. ಮರ್ಸುದಿ ಗ್ಲಾಸಿನ ಮುಚ್ಚಳವನ್ನೇ ನೋಡುತ್ತ ಕೂತರು. ನಾನು ಮೊಣಕೈಯಿಂದ ತಿವಿದೆ. ಊಹೂಂ. ಆ ಊರಲ್ಲಿ ಮೌನವೂ ಉತ್ತರವೇ.

"ನಿಮಗೆ ವಿಶ್ರಾಂತಿ ಕೊಡೋದು ಅಂತ ತೀರ್ಮಾನ ಆಗಿದೆ, ಪಾಕ್." ಎಂದರು ಒಡತಿ. ಮಾತಿನ ತಲೆಯ ಮೇಲೆ 'ದಿ' ಇತ್ತು. ತೀರ್ಮಾನಿಸಿದವರು ಮರೆಗೆ ಸರಿದಿದ್ದರು. ಮೇಷ್ಟ್ರು ತಲೆಯಾಡಿಸಿದರು, ಶಿಷ್ಯೆಯ ವಾಕ್ಯ ಸರಿಯಿದೆ ಎಂಬಂತೆ.

ಅವರನ್ನು ಗೇಟಿನವರೆಗೆ ಕೈಹಿಡಿದು ನಡೆಸಿಕೊಂಡು ಹೋದೆ. ಅಭಿಮಾನವೋ, ಸುಳ್ಳು ಹೇಳಬಾರದೆಂಬ ಹಟವೋ ಎಂದು ನನ್ನೊಳಗೇ ಅವರಿಗೊಂದು ಪ್ರತಿಮೆ ಕಡೆಯುತ್ತಿದ್ದೆ. ತಡೆಯಲಾಗದೆ ಕೇಳಿಯೂಬಿಟ್ಟೆ: "ಒಂದು 'ಹೌದು' ಅನ್ನೋಕೆ ಏನಾಗಿತ್ತು, ಪಾಕ್?"

ಅವರು ಟೋಪಿ ಸರಿಮಾಡಿಕೊಂಡರು.

"ಗಂಟಲು ಒಣಗಿ ಅಂಟಿಕೊಂಡಿತ್ತಪ್ಪ. ಆಯಮ್ಮ ಚಹಾ ಕುಡೀರಿ ಅನ್ನಲೇ ಇಲ್ಲ."