ಐದನೆಯ ನುಡಿಯ ಕೊನೆಯ ಸಾಲು

ಹಳೇ ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದ್ದೇ ತಡ, ಕರ್ಪೂರದ ವಾಸನೆ ಬಂತು. ಒಳಗೆ ಧೂಳಿನ ಜೊತೆ ಕುಂಕುಮ, ಅರಿಶಿನ, ಒಣಗಿ ಸುರುಟಿದ ಚೆಂಡುಹೂವಿನ ಎಸಳು... ಹದಿನಾಲ್ಕು ಆಯುಧಪೂಜೆ ಕಂಡ ಡಬ್ಬಿ ಅದು. ದೇವರ ಮೂಲೆಗೆ ಒತ್ತಿಕೊಂಡೇ ಇದ್ದದ್ದರಿಂದ ದಿನಾ ಮಂಗಳಾರತಿಯ ಹೊಗೆಯನ್ನೂ ಎಳೆದುಕೊಂಡಿತ್ತು. ರಿಪೇರಿಯವರು ಬೆರಳಿಗೆ ಹತ್ತಿದ ಕೆಂಪನ್ನು ನೋಡಿ, "ಮಾಮಿ, ಇದು ಕಂಪ್ಯೂಟರಾ, ದೇವರ ಕೋವಿಲಾ?" ಅಂತ ತಮಿಳಿನಲ್ಲಿ ಕೇಳಿದರು. ಆಮೇಲೆ ಆ ಬೆರಳನ್ನು ಒರೆಸಿಕೊಳ್ಳದೆ ಹಣೆಗೆ ಇಟ್ಟುಕೊಂಡರು.

ಅದು ಬೆಳಗಿನಿಂದ ಕಟಕಟ ಅನ್ನುತ್ತಿತ್ತು. ಹೊಸದು ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ, ಮದುವಣಗಿತ್ತಿಯ ಹಾಗೆ ಕೂತಿತ್ತು. "ಇದರಿಂದ ಅದಕ್ಕೆ ಎಲ್ಲ ಸಾಗಿಸೋದಕ್ಕೆ ನಾಲ್ಕೈದು ಗಂಟೆ ಬೇಕು. ನಡುವೆ ಹಳೇದು ನಿಂತರೂ ನಿಂತೀತು. ಮುಖ್ಯವಾದದ್ದನ್ನ ಮೊದಲು ಹೇಳಿಬಿಡಿ," ಅಂದರು ರಿಪೇರಿಯವರು.

ನಮ್ಮವರು ಪಿಂಚಣಿ ಕಾಗದ ಅಂದರು. ನಾನು ಹಾಡು ಅಂದೆ.

"ಹಾಡು ಎಲ್ಲಿಗೆ ಓಡಿಹೋಗುತ್ತೆ?" ಅಂತ ನಮ್ಮವರು ನಕ್ಕರು. ಎಲ್ಲ ಹಾಡೂ ಅಲ್ಲ, ಒಂದೇ ಒಂದು ಹಾಡಿನ ಒಂದೇ ಒಂದು ನುಡಿ ನನಗೆ ಬೇಕಾಗಿತ್ತು. ಅದು ಯಾಕೆ ಅಂತ ಅವರಿಗೆ ಹೇಳುವ ಧೈರ್ಯ ಇರಲಿಲ್ಲ. ಕರ್ಪೂರದ ವಾಸನೆ ಮೂಗಿಗೆ ಬಡಿದಾಗಲೇ ಎದುರುಮನೆ ಅಕ್ಕ ನೆನಪಾಗಿ ಬಂದು ನನ್ನ ಪಕ್ಕ ಕೂತುಬಿಟ್ಟಿದ್ದರು.

ವಡಪಳನಿ ಕೋವಿಲಿನ ಹಿಂದಿನ ಬೀದಿಯಲ್ಲಿ ನಮ್ಮದು ಎರಡನೇ ಮಹಡಿ. ನಮ್ಮ ಬಾಗಿಲು ತೆಗೆದರೆ ಎದುರಿಗೆ ಅವರ ಬಾಗಿಲು. ಉಡುಪಿ ಕಡೆಯವರು. ಅವರ ಯಜಮಾನರು ಇಲ್ಲಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹಿರಿಯ ಅಡಿಗೆಯವರು. ಮಕ್ಕಳಿರಲಿಲ್ಲ. ನಾವು ಮೂರು ತಲೆಮಾರಿನಿಂದ ಮದರಾಸಿನವರು, ನಾನು ಡಿಗ್ರಿ ಓದಿದವಳು, ಟೈಪಿಂಗ್ ಪಾಸು ಮಾಡಿದವಳು. ಅಕ್ಕ ಏಳನೇ ಕ್ಲಾಸಿಗೆ ಬಿಟ್ಟವರು. ಇದನ್ನೆಲ್ಲ ಆಗ ಮನಸ್ಸಿನಲ್ಲಿ ದಿನಾ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ, ಅದಕ್ಕೇ ಈಗಲೂ ಬಾಯಿಗೆ ಬರುತ್ತದೆ.

ಅವರು ಬರುವ ಮೊದಲು ನಮ್ಮ ಬೀದಿಯ ಕನ್ನಡದ ಹೆಂಗಸರ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹೇಳಿಕೊಡುತ್ತಿದ್ದವಳು ನಾನು. ಪ್ರತಿ ಶುಕ್ರವಾರ ಸಂಜೆ ನಮ್ಮ ಮನೆಯ ಹಾಲಿನಲ್ಲೇ ಸೇರುವುದು. ಅಕ್ಕ ಮೊದಲನೇ ದಿನ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತರು. ಹಿರಿಯ ಮಾಮಿಯೊಬ್ಬರು, ನಮ್ಮ ಮಂಡಳಿಗೆ ಅಜ್ಜಿಯಂಥವರು, "ನೀವೂ ಒಂದು ಹೇಳಿ," ಅಂದರು. ಅಕ್ಕ ಶ್ರುತಿಪೆಟ್ಟಿಗೆ ಬೇಡ ಅಂದರು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಶುರು ಮಾಡಿದರು.

ಏನು ಹೇಳಲಿ... ಕೆಳಗೆ ಬೀದಿಯಲ್ಲಿ ಹೂ ಮಾರುವವಳು ಕೂಗು ನಿಲ್ಲಿಸಿ ಮೇಲೆ ನೋಡಿದಳು. ಮುಂದಿನ ಶುಕ್ರವಾರ ಅವರನ್ನು ಚಪ್ಪಲಿಯ ಹತ್ತಿರ ಕೂರಲು ಯಾರೂ ಬಿಡಲಿಲ್ಲ. ಅದರ ಮುಂದಿನ ಶುಕ್ರವಾರ ನನ್ನ ಚಾಪೆಯ ಸುತ್ತ ಕೂರುತ್ತಿದ್ದವರು ಅವರ ಸುತ್ತ ಕೂತರು. ನನ್ನ ಮನೆ, ನನ್ನ ಚಾಪೆ, ನಾನು ಮಾಡಿದ ಕಡಲೆ ಉಸಲಿ.

ಮನೆಯೊಳಗೂ ಅದೇ. ನಾನು ಹಾಡಲು ಕೂತರೆ ನಮ್ಮವರು ಟೀವಿಯ ಸದ್ದು ಏರಿಸುತ್ತಿದ್ದರು. ಅಕ್ಕ ಎದುರುಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗಿದರೆ ಇಳಿಸುತ್ತಿದ್ದರು. ಬೇಕೆಂದು ಮಾಡುತ್ತಿರಲಿಲ್ಲ ಪಾಪ, ಕೈ ತಾನಾಗಿ ಹೋಗುತ್ತಿತ್ತು. ಅದೇ ನನಗೆ ಹೆಚ್ಚು ಉರಿಯುತ್ತಿದ್ದದ್ದು.

ಅವರ ಹಾಡುಗಳಲ್ಲಿ ಎಲ್ಲರಿಗೂ ಹುಚ್ಚು ಹಿಡಿಸಿದ್ದು ಒಂದು. ಅವರ ಅಮ್ಮ ಹೇಳಿಕೊಟ್ಟದ್ದಂತೆ, ಯಾವ ಪುಸ್ತಕದಲ್ಲೂ ಇಲ್ಲ. ಐದು ನುಡಿ. ಮೊದಲನೆಯದರಲ್ಲಿ ಬಾಲಕೃಷ್ಣನನ್ನು ಎಬ್ಬಿಸುವುದು, ಆಮೇಲೆ ಮೀಯಿಸುವುದು, ಉಣಿಸುವುದು. ನಾಲ್ಕನೆಯದರಲ್ಲಿ ಉಯ್ಯಾಲೆಯಲ್ಲಿ ಕೂರಿಸಿ ತೂಗುವುದು, ಐದನೆಯದರಲ್ಲಿ ಮಲಗಿಸುವುದು. ಅದು ಮುಗಿದರೆ ಮಂಗಳಾರತಿ.

ಆ ವರ್ಷದ ನವರಾತ್ರಿಗೆ ಮಂಡಳಿಯವರು ಹಾಡಿನ ಪುಸ್ತಕ ಮಾಡಬೇಕೆಂದರು. ಕನ್ನಡ ಟೈಪು ಬರುತ್ತಿದ್ದವಳು ನಾನೊಬ್ಬಳೇ. ಅಕ್ಕ ಮೂರು ಮಧ್ಯಾಹ್ನ ನಮ್ಮ ಮನೆಗೆ ಬಂದು, ಈ ಕಂಪ್ಯೂಟರಿನ ಮುಂದೆ ಸ್ಟೂಲಿನಲ್ಲಿ ಕೂತು ಒಂದೊಂದೇ ಸಾಲು ಹೇಳಿದರು. ಐದು ನುಡಿಯನ್ನೂ ಟೈಪು ಮಾಡಿದೆ. ಮಂಡಳಿಯ ಸೊಸೆಯಂದಿರಿಗೆ ಕನ್ನಡ ಓದಲು ಬಾರದು, ಅವರಿಗಾಗಿ ತಮಿಳಕ್ಷರದಲ್ಲೂ ಮಾಡಿದೆ. ಅಕ್ಕ ಪರದೆಯನ್ನೇ ನೋಡುತ್ತಾ, "ನಮ್ಮ ಅಮ್ಮನ ಹಾಡು ಟೀವಿಯಲ್ಲಿ ಬಂದ ಹಾಗೆ ಉಂಟು ಮಾರಾಯ್ರೆ," ಅಂದರು. ಹೋಗುವಾಗ ನನ್ನ ಕೈಗೆ ಒಂದು ಡಬ್ಬಿ ಹುಳಿಪುಡಿ ಕೊಟ್ಟರು.

ಅವರು ಹೋದ ಮೇಲೆ ನಮ್ಮವರು ಒಳಗೆ ಬಂದು, "ಆಕೆ ಹೇಳಿದ್ದನ್ನ ಸರಿಯಾಗಿ ಇಳಿಸಿಕೋ. ನಿನ್ನ ಹಾಡು ಹೋದರೂ ಪರವಾಗಿಲ್ಲ, ಅದು ಹೋಗಬಾರದು," ಅಂದರು. ತಮಾಷೆಗೇ ಅಂದದ್ದು.

ನಾನು ಐದನೆಯ ನುಡಿಯನ್ನು ಅಳಿಸಿಬಿಟ್ಟೆ. ಕನ್ನಡದ್ದರಲ್ಲೂ, ತಮಿಳಕ್ಷರದ್ದರಲ್ಲೂ. ಒಂದು ಕೀಲಿ ಒತ್ತಿದ್ದಷ್ಟೇ, ಸೂಜಿ ಬಿದ್ದಷ್ಟೂ ಸದ್ದಾಗಲಿಲ್ಲ. ಕೋವಿಲಿನ ಮಂಟಪದಲ್ಲಿ ಎಲ್ಲರೂ ಪುಸ್ತಕ ನೋಡಿಕೊಂಡು ನಾಲ್ಕಕ್ಕೆ ನಿಲ್ಲಿಸುತ್ತಾರೆ, ಅಕ್ಕ ಒಬ್ಬರೇ ಮುಂದೆ ಹೋಗಿ ತಬ್ಬಿಬ್ಬಾಗುತ್ತಾರೆ ಅಂತ ಲೆಕ್ಕ ಹಾಕಿದ್ದೆ. ದಿನಾ ತುಳಸಿಗೆ ನೀರು ಹಾಕದೆ ಬಾಯಿಗೆ ಕಾಫಿ ಬಿಡದವಳು ನಾನು. ಆ ದಿನವೂ ಹಾಕಿಯೇ ಇದನ್ನು ಮಾಡಿದೆ. ಪ್ರಿಂಟು ಹಾಕಿದ ಅಂಗಡಿಯವರಿಗೆ ಕನ್ನಡ ಗೊತ್ತಿಲ್ಲ, ಯಾರೂ ತಿದ್ದಿ ನೋಡಲಿಲ್ಲ.

ನವರಾತ್ರಿಯ ಶುಕ್ರವಾರ ಅಂದುಕೊಂಡ ಹಾಗೇ ಆಯಿತು. ನಾಲ್ಕು ನುಡಿಗೆ ಎಲ್ಲರೂ ಹಾಡು ನಿಲ್ಲಿಸಿದರು. ಅಕ್ಕ ಮುಂದೆ ಹೋದರು. ಆದರೆ ತಬ್ಬಿಬ್ಬಾಗಲಿಲ್ಲ. ಇಪ್ಪತ್ತು ದನಿಗಳ ಕೆಳಗೆ ಅಡಗಿದ್ದ ಅವರ ದನಿ ಈಗ ಒಂಟಿಯಾಗಿ ಮಂಟಪದ ಕಂಬಗಳ ನಡುವೆ ನಡೆಯಿತು. ಗುಂಪಿನಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಕೂಡ ಸುಮ್ಮನಾದವು. ನಾನೇ ಅವರಿಗೆ ದಾರಿ ಗುಡಿಸಿ, ರಂಗೋಲಿ ಹಾಕಿ ಕೊಟ್ಟ ಹಾಗಾಯಿತು.

ಮನೆಗೆ ಬರುವಾಗ ಮೆಟ್ಟಿಲ ಮೇಲೆ ಅಕ್ಕ ಮೆಲ್ಲಗೆ ಕೇಳಿದರು. "ಐದನೇದು ಎಲ್ಲಿ ಹೋಯಿತು ಮಾರಾಯ್ರೆ? ನಿಮ್ಮ ಯಂತ್ರಕ್ಕೂ ಮರೆವು ಉಂಟಾ?"

"ಪೇಜು ಸಾಲಲಿಲ್ಲ ಅಕ್ಕ," ಅಂದೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದ್ದೆ.

ಅವರು ಒಂದು ಮೆಟ್ಟಿಲ ಮೇಲೆ ನಿಂತು ನನ್ನ ಮುಖ ನೋಡಿದರು. "ಹೌದಾ... ಇರಲಿ. ಸ್ವಾಮಿಗೆ ಮಲಗ್ಲಿಕ್ಕೆ ನಿಮ್ಮ ಪೇಜಿನಲ್ಲಿ ಜಾಗ ಇಲ್ಲದಿದ್ರೆ ನಾನೇ ಮಲಗಿಸ್ತೇನೆ."

ಅಂದಿನಿಂದ ಅದೇ ಪದ್ಧತಿಯಾಯಿತು. ನಾಲ್ಕು ನುಡಿ ಎಲ್ಲರದು, ಐದನೆಯದು ಅವರೊಬ್ಬರದು. ಜನ ಅದಕ್ಕೆಂದೇ ಬರತೊಡಗಿದರು. ಮಂಗಳಾರತಿಯ ಗಂಟೆ ಮಾತ್ರ ನನ್ನ ಕೈಯಲ್ಲೇ ಉಳಿದಿತ್ತು. ಐದನೆಯ ನುಡಿಯಲ್ಲಿ ನಾಲ್ಕು ಸಾಲು. ಮೂರು ಸಾಲು ಹೇಗೋ ಹಲ್ಲು ಕಚ್ಚಿ ಕೇಳುತ್ತಿದ್ದೆ, ನಾಲ್ಕನೆಯದು ಬರುವಷ್ಟರಲ್ಲಿ ಎಲ್ಲರ ಕಣ್ಣು ತುಂಬುತ್ತಿತ್ತು. ಅದನ್ನು ನೋಡಲಾಗುತ್ತಿರಲಿಲ್ಲ. ಎದ್ದು ಕರ್ಪೂರ ಹಚ್ಚಿ ಗಂಟೆ ಬಾರಿಸಿಬಿಡುತ್ತಿದ್ದೆ. ಹೊತ್ತಾಯಿತು ಅಂತ ನೆಪ. ಪ್ರತಿ ಶುಕ್ರವಾರ, ವರ್ಷಗಟ್ಟಲೆ... ಅಕ್ಕ ಗಂಟೆಯ ಅಡಿಯಲ್ಲೇ ಸಾಲು ಮುಗಿಸಿ ಆರತಿಗೆ ಕೈ ಮುಗಿಯುತ್ತಿದ್ದರು.

ಎರಡು ವರ್ಷದ ಹಿಂದೆ ಜ್ವರ ಅಂತ ಮಲಗಿದವರು ಏಳಲಿಲ್ಲ. ಯಜಮಾನರು ಊರಿಗೆ, ತಮ್ಮನ ಮನೆಗೆ ಹೋದರು. ಮುಂದೆ ಕೂತು ಹೇಳಿಕೊಡುವ ಜಾಗ ನನಗೆ ತಿರುಗಿ ಬಂತು. ಬೇಡಿದ್ದನ್ನು ದೇವರು ಕೊಟ್ಟ ಅನ್ನಬೇಕು. ನಾಲ್ಕು ನುಡಿ ಹಾಡಿ ನಿಲ್ಲಿಸುತ್ತಿದ್ದೆವು, ಪುಸ್ತಕದಲ್ಲಿ ಅಷ್ಟೇ ಇತ್ತಲ್ಲ. ಒಂದು ದಿನ ಹಿರಿಯ ಮಾಮಿ, "ಏನೋ ಮಗೂನ ಉಯ್ಯಾಲೇಲೇ ಬಿಟ್ಟು ಎದ್ದು ಬಂದ ಹಾಗಾಗುತ್ತೆ ಕಣೆ," ಅಂದರು. ಅವತ್ತಿನಿಂದ ಉಯ್ಯಾಲೆಯ ನುಡಿ ಬಂದಾಗೆಲ್ಲ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಮಗು ಕಾಲು ಇಳಿಬಿಟ್ಟುಕೊಂಡು ಕೂತಿದೆ, ಇಳಿಸಿಕೊಳ್ಳುವವರಿಲ್ಲ.

ನಾನೇ ಟೈಪು ಮಾಡಿದ್ದರೂ ಐದನೆಯ ನುಡಿ ಪೂರ್ತಿ ನನಗೆ ನೆನಪಿರಲಿಲ್ಲ, ಉಳಿದವರು ಅದನ್ನು ಕಲಿತೇ ಇರಲಿಲ್ಲ. ಅಳಿಸುವ ಮೊದಲಿನ ಒಂದು ಪ್ರತಿಯನ್ನು ಬೇರೆ ಹೆಸರಲ್ಲಿ ಇಟ್ಟಿದ್ದೇನೆ ಅನ್ನುವ ನಂಬಿಕೆ ನನಗಿತ್ತು. ಯಾವತ್ತಾದರೂ ತೆಗೆದರಾಯಿತು ಅಂತ ಮುಂದೆ ಮುಂದೆ ಹಾಕಿದೆ. ಹಾಗೇ ಈ ಡಬ್ಬಿ ಕಟಕಟ ಅನ್ನುವವರೆಗೆ ಬಂತು.

ರಿಪೇರಿಯವರು ಹಾಡಿನ ಕಡತಗಳನ್ನು ಮೊದಲು ಸಾಗಿಸಿದರು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ಹರಿಯುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ನಿಂತಾಗೆಲ್ಲ ಒಂದು ಸಲ ರಾಯರ ಹೆಸರು ಹೇಳುತ್ತಿದ್ದೆ, ಮತ್ತೆ ಹರಿಯುತ್ತಿತ್ತು. ಅದೂ ಒಂದು ಕರುಣೆಯೇ. ಎಲ್ಲ ಬಂತು. ಒಂದೊಂದನ್ನೇ ತೆರೆದು ನೋಡಿದೆ. ಮೂರು ಕಡೆ ಆ ಹಾಡು ಇತ್ತು. ಮೂರರಲ್ಲೂ ನಾಲ್ಕೇ ನುಡಿ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

"ಇದರಲ್ಲಿ ಆ ಹಾಡಿನದೊಂದು ವೀಡಿಯೋ ಇದೆ ನೋಡು," ಅಂದರು ನಮ್ಮವರು. ಯಾವುದೋ ಶುಕ್ರವಾರ ಅವರೇ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದರಂತೆ. ನನಗೆ ಹೇಳಿಯೂ ಇರಲಿಲ್ಲ. ನನ್ನ ಹಾಡು ಒಂದನ್ನೂ ಹೀಗೆ ಹಿಡಿದವರಲ್ಲ ಅನ್ನುವುದು ಆ ಗಳಿಗೆಯಲ್ಲೂ ಚುಚ್ಚದೆ ಬಿಡಲಿಲ್ಲ.

ವೀಡಿಯೋದಲ್ಲಿ ನಮ್ಮ ಮನೆಯ ಹಾಲ್. ಅಕ್ಕ, ಹಳದಿ ನೂಲಿನ ಸೀರೆಯಲ್ಲಿ. ಐದನೆಯ ನುಡಿ ಶುರುವಾಯಿತು.

ಹಾಲು ಕುಡಿದಾಯ್ತು, ಹಣೆಬೊಟ್ಟು ಒರೆಸಾಯ್ತು,
ಹಟ್ಟಿಯ ಕರುವೆಲ್ಲ ಕಣ್ಣ ಮುಚ್ಚಿದವು,
ಕಾಲ ಗೆಜ್ಜೆಯ ಬಿಚ್ಚಿ ಗೂಡಲ್ಲಿ ಇಟ್ಟೇನು...

ಅಷ್ಟರಲ್ಲಿ ಪರದೆಯ ಅಂಚಿನಿಂದ ಒಂದು ಕೈ ಬಂತು. ಕೈಯಲ್ಲಿ ಗಂಟೆ. ನನ್ನದೇ ಬಳೆ, ನನ್ನದೇ ಉಂಗುರ. ಅಕ್ಕನ ತುಟಿ ಆಡುವುದು ಕಾಣುತ್ತಿತ್ತು, ಕೇಳಿಸಿದ್ದು ಗಂಟೆ ಮಾತ್ರ. ಹಿಂದೆ ಹೋಗಿ ಮತ್ತೆ ನೋಡಿದೆ, ಮತ್ತೆ ನೋಡಿದೆ. ರಿಪೇರಿಯವರು ಗಂಟೆಯ ಸದ್ದು ತೆಗೆಯಲು ಏನೋ ಮಾಡಿ ನೋಡಿ, "ಆಗಲ್ಲ ಮಾಮಿ, ಯಾರೋ ಚೆನ್ನಾಗಿ ಬಾರಿಸಿದ್ದಾರೆ," ಅಂದರು. ನಮ್ಮವರು ನನ್ನ ಕಡೆ ನೋಡಿದರು. ಸಂಜೆಯ ಹೊತ್ತಿಗೆ ಹಳೇದು ನಿಂತೇ ಹೋಯಿತು.

ಅಕ್ಕನ ಯಜಮಾನರಿಗೆ ಊರಿಗೆ ಫೋನು ಮಾಡಿದೆ. "ನನಗೆ ಅಡಿಗೆ ಗೊತ್ತುಂಟು, ಹಾಡು ಗೊತ್ತಿಲ್ಲಮ್ಮ," ಅಂದರು. ಫೋನು ಇಡುವ ಮೊದಲು, "ದಿನಾ ಹೇಳ್ತಿದ್ಲು, ನಾನು ಕೇಳ್ಲಿಲ್ಲ," ಅಂದರು.

ಈ ಶುಕ್ರವಾರ ಹೊಸ ಕಂಪ್ಯೂಟರಿನಿಂದ ಹೊಸ ಹಾಳೆ ತೆಗೆದು ಎಲ್ಲರಿಗೂ ಹಂಚಿದೆ. ಐದನೆಯ ನುಡಿ, ಮೂರು ಸಾಲು, ಅದರ ಕೆಳಗೆ ಒಂದು ಸಾಲಿನಷ್ಟು ಬಿಳಿ ಜಾಗ. ಹಿರಿಯ ಮಾಮಿ ಕನ್ನಡಕ ಏರಿಸಿ, "ಇದೇನೇ, ಪೇಜು ಸಾಲಲಿಲ್ವಾ?" ಅಂದರು.

"ಸಾಲ್ತಿತ್ತು ಮಾಮಿ. ಅವತ್ತೂ ಸಾಲ್ತಿತ್ತು. ನಾನೇ ಅಳಿಸಿದ್ದು. ಕೊನೇ ಸಾಲನ್ನ ಗಂಟೆ ಹೊಡೆದು ಮುಳುಗಿಸಿದ್ದೂ ನಾನೇ."

ಮಾಮಿ ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, "ಸರಿ, ಮಗು ಕಾಯ್ತಿದೆ. ಶುರು ಮಾಡು," ಅಂದರು.

ಮೂರು ಸಾಲು ಹೇಳಿದೆವು. ನಾಲ್ಕನೆಯದಕ್ಕೆ ಮಾತಿರಲಿಲ್ಲ, ರಾಗ ಎಲ್ಲರಿಗೂ ಗೊತ್ತಿತ್ತು. ಬಾಯಿ ಮುಚ್ಚಿ ಗುನುಗಿದೆವು. ಮಗು ಮಲಗಿತೋ ಇಲ್ಲವೋ ನನಗೆ ತಿಳಿಯದು. ಗುನುಗುತ್ತಾ ಎಲ್ಲರ ಕಣ್ಣೂ ತಿರುಗಿದ್ದು ಅಕ್ಕ ಕೂರುತ್ತಿದ್ದ ಜಾಗಕ್ಕೆ. ಮುಂದೆ ಕೂತ ನನ್ನ ಕಡೆಗೆ ಒಬ್ಬರೂ ನೋಡಲಿಲ್ಲ. ಅದು ಈಗಲೂ ಉರಿಯಿತು. ಗಂಟೆ ಪಕ್ಕದಲ್ಲೇ ಇತ್ತು. ರಾಗ ಪೂರ್ತಿ ಮುಗಿಯುವ ತನಕ ಅದನ್ನು ಮುಟ್ಟಲಿಲ್ಲ.