ಎಡಗೈಯ ಎರಡು ಕೋಲು

ಮೊದಲು ಗೊತ್ತಾದದ್ದು ಕಾಫಿ ಲೋಟದಿಂದ. ಹೋದ ಯುಗಾದಿ ಮುಗಿದ ವಾರ, ಹಿಂದೂಪುರದ ನಮ್ಮ ಅಡುಗೆಮನೆಯಲ್ಲಿ ಎಡಗೈಯಲ್ಲಿ ಲೋಟ ಹಿಡಿದು ನಿಂತಿದ್ದೆ. ಕಾಫಿಯ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಹೊರಗೆ ಲಾರಿ ಹೋಯಿತೇನೋ ಅಂದುಕೊಂಡೆ. ಹುಣಸೆಹಣ್ಣಿನ ಲೋಡು ಹೊತ್ತ ಲಾರಿ ನಮ್ಮ ಬೀದಿಗೆ ಬಂದರೆ ಗೂಡಿನಲ್ಲಿರುವ ಪಾತ್ರೆಗಳೆಲ್ಲ ಗಲಗಲ ಅನ್ನುತ್ತವೆ. ಬಗ್ಗಿ ನೋಡಿದರೆ ಬೀದಿ ಖಾಲಿ. ಲೋಟವನ್ನು ಬಲಗೈಗೆ ಬದಲಾಯಿಸಿದೆ, ಅಲೆ ನಿಂತಿತು. ಅದನ್ನು ಮತ್ತೆ ಎಡಗೈಗೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ.

ಯಾಕೆಂದರೆ ಆ ನಡುಕ ನನಗೆ ಗೊತ್ತಿತ್ತು. ಅದು ಅಮ್ಮನದು.

ಅಮ್ಮ ಕಲ್ಯಾಣದುರ್ಗದ ಕಂಬಳಿ ನೇಯುವವರ ಮನೆಯ ಮಗಳು. ತಾತನಿಗೆ ಗಂಡುಮಕ್ಕಳಿಲ್ಲದ್ದರಿಂದ ಮಗ್ಗಕ್ಕೆ ಅವಳೇ ಕೂತಳು. ಮದುವೆಯಾದ ಮೇಲೂ ಅಪ್ಪನನ್ನು ಅಲ್ಲಿಗೇ ಕರೆಸಿಕೊಂಡು ನೇಯುತ್ತಿದ್ದಳು. ನನಗೆ ಹತ್ತು ವರ್ಷವಿದ್ದಾಗ ಕೈ ನಡುಗುತ್ತದೆಂದು ಮಗ್ಗ ಬಿಟ್ಟಳು. ಆಮೇಲೆ ನಾವು ಹಿಂದೂಪುರಕ್ಕೆ ಬಂದೆವು. ನಾನು ಏನಾದರೂ ನುಡಿಸುವಾಗ ಅವಳು ಎದುರಿಗೆ ಕೂತರೆ ಒಂದೇ ಮಾತು: "ನನ್ ರೂಪ ಬರ್ಲಿ, ನನ್ ಕೋಪ ಬರ್ಲಿ, ನನ್ ಕೈ ಮಾತ್ರ ನಿಂಗೆ ಬರ್ದೆ ಇರ್ಲಿ ಕಣಮ್ಮ." ಕೋಪ ಬಂದಿದೆ, ಅದರಲ್ಲಿ ಮೋಸವಿಲ್ಲ.

ನಾನು ನುಡಿಸುವುದು ಮರಿಂಬಾ. ಮರದ ಪಟ್ಟಿಗಳನ್ನು ಹಾರ್ಮೋನಿಯಂ ಮನೆಗಳ ಹಾಗೆ ಎರಡು ಸಾಲು ಜೋಡಿಸಿ, ಕೆಳಗೆ ಲೋಹದ ಕೊಳವೆ ಇಳಿಬಿಟ್ಟ ವಾದ್ಯ. ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು ಬಡಿಯಬೇಕು. ಬೆಂಗಳೂರಿನ ಶಾಲೆಯೊಂದರಲ್ಲಿ ಸಂಗೀತದ ಟೀಚರ್ ಆಗಿದ್ದಾಗ ಅವರು ಬ್ಯಾಂಡ್ ಕೋಣೆ ಮುಚ್ಚಿದರು, ಯಾರಿಗೂ ಬೇಡವಾದ ಅದನ್ನು ನಾನು ಹೊತ್ತು ತಂದೆ. ನಮ್ಮ ಬೀದಿಗೆ ಅದು ಬಂದ ದಿನ ಎದುರುಮನೆಯಾಕೆ ಬಾಗಿಲಿಗೆ ಬಂದು, "ಏಮಮ್ಮಾ, ಅಂತ ಪೆದ್ದ ನಿಚ್ಚೆನ ಎಂದುಕು?" ಅಂತ ತೆಲುಗಿನಲ್ಲಿ ಕೇಳಿದಳು, ಅಷ್ಟು ದೊಡ್ಡ ಏಣಿ ಯಾಕೆ ಅಂತ. ಇವತ್ತಿಗೂ ಬೀದಿಯವರ ಬಾಯಲ್ಲಿ ಅದು ಏಣಿಯೇ.

ಅದರಲ್ಲಿ ರಾಗ ನುಡಿಸುವುದೆಂದರೆ ಮೊಂಡುತನ. ಮರ ಜಾರುವುದಿಲ್ಲ, ಬಾಗುವುದಿಲ್ಲ. ತೋಡಿಯನ್ನು ಮುಟ್ಟುವ ಹಾಗೇ ಇಲ್ಲ; ಗಮಕವಿಲ್ಲದ ತೋಡಿ ಉಪ್ಪು ಹಾಕದ ಉಪ್ಪಿನಕಾಯಿ. ಮೋಹನ ಒಗ್ಗುತ್ತದೆ. ಸ್ವರವೂ ಬಡಿದ ಕೂಡಲೇ ಸತ್ತುಹೋಗುತ್ತದೆ, ಅದನ್ನು ಎಳೆದು ನಿಲ್ಲಿಸಬೇಕಾದರೆ ಕೋಲುಗಳನ್ನು ಒಂದರ ಹಿಂದೊಂದು ಬೇಗಬೇಗ ಆಡಿಸಬೇಕು. ನಾನು ಅದನ್ನು ಗುಂಯ್‌ಗುಡಿಸುವುದು ಅನ್ನುತ್ತೇನೆ. ಕೋಲಿನ ತುದಿಯ ರಬ್ಬರ್ ಉಂಡೆಗೆ ಮೆತ್ತನೆ ಉಣ್ಣೆ ಸುತ್ತಿದ್ದರೆ ಮಾತ್ರ ಅದು ಚೆಂದ. ಆ ಉಣ್ಣೆ ಸುತ್ತುವ ಕೆಲಸ ಅಮ್ಮನದು. ನಡುಗುವ ಕೈಯಲ್ಲೇ, ಗಂಟೆಗೊಂದು ಕೋಲಿನ ಹಾಗೆ, ಮೊಣಕಾಲಿನ ನಡುವೆ ಒತ್ತಿ ಹಿಡಿದು ಸುತ್ತುತ್ತಿದ್ದಳು. ಬೇರೆ ಯಾರಾದರೂ ಸುತ್ತಿದರೆ ವಾರಕ್ಕೇ ಬಿಚ್ಚಿಕೊಳ್ಳುತ್ತಿತ್ತು.

ಲೋಟದಲ್ಲಿ ಕಂಡದ್ದು ಹದಿನೈದು ದಿನಕ್ಕೆ ಕೋಲಿಗೆ ಇಳಿಯಿತು. ಎಡಗೈಯಲ್ಲಿ ಮಂದ್ರದ ಷಡ್ಜ ಒಂದು ಸಲ ಬಡಿದರೆ ಕೋಲು ತಾನಾಗಿ ಇನ್ನೊಂದು ಸಲ ಮುಟ್ಟುತ್ತಿತ್ತು. ಟಕ್, ಅದರ ಹಿಂದೆಯೇ ಸಣ್ಣದೊಂದು ಟಕ್. ಬಲಗೈ ಒಂದು ಹೇಳಿದರೆ ಎಡಗೈ ಇನ್ನೊಂದು: ಎತ್ತು ಏರಿಗೆ, ಕೋಣ ನೀರಿಗೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅದಕ್ಕೊಂದು ಹೆಸರಿಡುತ್ತಾರೆ, ಹೆಸರಿಟ್ಟ ಮೇಲೆ ಅದು ನಮ್ಮ ಮನೆಯದೇ ಆಗಿಬಿಡುತ್ತದೆ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಅಮ್ಮನದು. ತನ್ನಿಂದಲೇ ಬಂತು ಅಂದುಕೊಳ್ಳುತ್ತಾಳೆ, ಆ ದಿನದಿಂದ ಅನ್ನ ಬಿಡುತ್ತಾಳೆ.

ಆದ್ದರಿಂದ ಕಳ್ಳತನ ಶುರುಮಾಡಿದೆ. ಮೋಹನದ ಆಲಾಪನೆಗೆ ನಾನೇ ಕಷ್ಟಪಟ್ಟು ಮಾಡಿಕೊಂಡಿದ್ದ ಸ್ವರಜೋಡಣೆಯಲ್ಲಿ ಎಡಗೈಗೆ ಒಂಟಿ ಸ್ವರಗಳೇ ಹೆಚ್ಚು. ಒಂದು ಬಡಿತ, ಆಮೇಲೆ ಬರೀ ಮೌನ. ಅವನ್ನೆಲ್ಲ ಅಳಿಸಿ ಗುಂಯ್‌ಗುಡಿಸುವ ಸ್ವರಗಳನ್ನು ತುಂಬಿದೆ. ಇಡೀ ಕೈಯೇ ಅಲುಗಾಡುವಾಗ ನಡುಕವನ್ನು ಯಾರು ಹುಡುಕುತ್ತಾರೆ? ಮೌನ ಇದ್ದಲ್ಲೆಲ್ಲ ಸದ್ದು ಮೆತ್ತಿದೆ. ರಾಗ ಉಬ್ಬಸ ಬಂದವರ ಹಾಗೆ ಏದುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ. ಅಮ್ಮ ನಡುಮನೆಗೆ ಬಂದರೆ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಿತ್ತು ನನ್ನ ಪಾಡು.

ಹೀಗೆ ಹತ್ತು ಹನ್ನೊಂದು ತಿಂಗಳು ದೂಡಿದ ಮೇಲೆ ಕಲ್ಯಾಣದುರ್ಗದ ಸಂಗೀತ ಸಭೆಯ ಕಾರ್ಯದರ್ಶಿ ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಲ್ಯಾಣಮಂಟಪದಲ್ಲಿ, ಮುಕ್ಕಾಲು ಗಂಟೆ. ಆಗಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನಮ್ಮೂರಾಗಾ? ನಾನೂ ಬತ್ತೀನಿ. ಕೋಲು ಕೊಡಿಲ್ಲಿ, ಉಣ್ಣೆ ಸವೆದು ಜುಂಗೆದ್ದೋಗವೆ. ಹೊಸಾದು ಸುತ್ತಿಕೊಡ್ತೀನಿ."

ಕೊಟ್ಟೆ. ಎರಡು ದಿನ ಹಿತ್ತಲಲ್ಲಿ ಅದೇನೋ ಕುದಿಸಿದಳು, ಒಣಗಿಸಿದಳು. ನಾನು ಆ ಕಡೆ ತಲೆ ಹಾಕಲಿಲ್ಲ. ಹೊರಡುವ ಬೆಳಿಗ್ಗೆ ನಾಲ್ಕೂ ಕೋಲನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಏಣಿಯನ್ನು ಬಿಚ್ಚಿ, ಪಟ್ಟಿಗಳನ್ನು ಹಗ್ಗದ ಸಮೇತ ಚಾಪೆಯಂತೆ ಸುರುಳಿ ಸುತ್ತಿ, ಕೊಳವೆಗಳ ನಡುವೆ ಅಮ್ಮನ ಹಳೆಯ ಕಂಬಳಿ ತುರುಕಿ ಲಗೇಜ್ ಆಟೋಗೆ ಹಾಕಿದೆವು. ಮಡಕಶಿರಾ ದಾಟಿ, ಪಾವಗಡ ದಾಟಿ ಹೋಗುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ತೊಡೆಯ ಕೆಳಗೆ ಎಡಗೈ ಇಟ್ಟು ಅದರ ಮೇಲೆ ಕೂತಿದ್ದೆ. ಅಮ್ಮ ದಾರಿಯುದ್ದಕ್ಕೂ ತನ್ನ ಕಾಲದ ಉಣ್ಣೆಯ ಸಂತೆ, ಕುರಿಯ ಉಣ್ಣೆ ಕತ್ತರಿಸುವ ದಿನ, ತಾತನ ಬೈಗುಳ ಎಲ್ಲ ಹೇಳುತ್ತಿದ್ದಳು. ನನ್ನ ತಲೆಗೆ ಒಂದೂ ಹೋಗಲಿಲ್ಲ.

ವೇದಿಕೆಯ ಹಿಂದೆ, ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಟವೆಲ್ಲು ಬಿಚ್ಚಿದೆ. ಬಲಗೈಯ ಎರಡು ಕೋಲು ಹತ್ತಿಯ ಹಾಗೆ ಮೆತ್ತಗಿದ್ದವು. ಎಡಗೈಯವನ್ನು ಹಿಡಿದೆ. ಅಡಿಕೆಯಷ್ಟು ಗಟ್ಟಿ. ಉಗುರಿನಲ್ಲಿ ಕುಟ್ಟಿದರೆ ಟಣ್ ಅಂತು. ಮೂಗಿಗೆ ಹಿಡಿದರೆ ಬೇಯಿಸಿದ ಹುಣಸೆಬೀಜದ ವಾಸನೆ.

"ಅಮ್ಮಾ! ಏನ್ ಮಾಡಿದ್ದೀಯ ಇದಕ್ಕೆ?"

"ಗಂಜಿ ಹಾಕಿವ್ನಿ ಕಣಮ್ಮ. ಹುಣಸೆಬೀಜದ್ದು. ನೂಲು ಹರೀದಂಗೆ ನಿಂತ್ಕತ್ತದೆ."

ಕಂಬಳಿಯ ಉದ್ದಕ್ಕೆ ಬಿಗಿಯುವ ಹಾಸುನೂಲಿಗೆ ಆ ಗಂಜಿ ಬಳಿಯದೆ ಮಗ್ಗಕ್ಕೆ ಏರಿಸುವುದಿಲ್ಲ. ಆದರೆ ಇದು ಮಗ್ಗವೇ? ಇವಳ ಗಂಜಿಗಿಷ್ಟು ಬೆಂಕಿ ಹಾಕ! ಗಂಜಿ ಎರಡು ಕೋಲಿಗಾಗುವಷ್ಟೇ ಇತ್ತೇನೋ, ಮುಗಿಯಿತೇನೋ ಅಂದುಕೊಂಡೆ. ಕೇಳಲಿಲ್ಲ. ಬೇರೆ ಕೋಲಿಲ್ಲ. ಮೆತ್ತನೆಯ ಎರಡರಲ್ಲೇ ನುಡಿಸೋಣವೆಂದರೆ ಜೋಡಣೆ ನಾಲ್ಕಕ್ಕೆ ಮಾಡಿದ್ದು, ಹತ್ತು ನಿಮಿಷದಲ್ಲಿ ಕೈಗೆ ಬೇರೆ ಪಾಠ ಹೇಳಲು ಆಗುವುದಿಲ್ಲ. "ಕೊಡು, ನೆನೆಸ್ತೀನಿ ಬೇಕಾದ್ರೆ," ಅಂದಳು. ನಾನು ಕಿರುಚಿದೆ ಅನ್ನಿಸುತ್ತದೆ. ಪಾಪ, ಸೆರಗು ಹೊದ್ದು ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ಮೊದಲ ಸ್ವರಕ್ಕೇ ಗೊತ್ತಾಯಿತು. ಎಡಗೈ ಗುಂಯ್‌ಗುಡಿಸಲು ಹೋದರೆ ಮೊರದಲ್ಲಿ ಕಲ್ಲು ಹಾಕಿ ಕುಲುಕಿದ ಸದ್ದು. ಕೆಳಸ್ಥಾಯಿಯ ಪಟ್ಟಿಗಳು ತೆಳು, ಆ ಗಟ್ಟಿ ಕೋಲಿಗೆ ಸೀಳಿದರೂ ಸೀಳಿಯಾವು. ನಿಲ್ಲಿಸಿದೆ. ಇನ್ನು ಉಳಿದದ್ದು ನನ್ನ ಹಳೆಯ ಜೋಡಣೆ ಒಂದೇ, ಹೆದರಿ ಅಳಿಸಿದ್ದು: ಒಂದು ಬಡಿತ, ಆಮೇಲೆ ಮೌನ. ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಇಲ್ಲ.

ಷಡ್ಜ ಬಡಿದೆ. ಟಕ್. ಹಿಂದೆಯೇ ಇನ್ನೊಂದು. ಪಂಚಮ ಬಡಿದೆ. ಮತ್ತೆ ಎರಡು. ಸಭೆಯಲ್ಲಿ ಯಾರೋ ಕೆಮ್ಮಿದರೂ ನನಗೇ ಎಂದು ಅನಿಸುತ್ತಿತ್ತು. ಕೋಲು ಬಿಟ್ಟು ಓಡಿಬಿಡಲೇ ಎಂದು ಎರಡು ಸಲ ಯೋಚಿಸಿದೆ, ದೇವರಾಣೆ. ತಲೆ ಎತ್ತಿದಾಗ ಅಮ್ಮ ಕಂಡಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರೆ ಅವಳೊಬ್ಬಳು ನನ್ನ ಎಡಗೈಯನ್ನೇ ನೋಡುತ್ತಿದ್ದಳು. ಆಮೇಲೆ ನಾನು ತಲೆ ಎತ್ತಲಿಲ್ಲ.

ಮುಗಿಯಿತು. ಚಪ್ಪಾಳೆ ಬಂತು, ಎಷ್ಟು ಬರಬೇಕೋ ಅಷ್ಟು. ಕಾರ್ಯದರ್ಶಿ ಓಡಿ ಬಂದು ಶಾಲು ಹೊದಿಸಿ, "ಎಡಗೈನಾಗೆ ಆ ಜೋಡಿ ಪೆಟ್ಟು ಇತ್ತಲ್ಲಮ್ಮ, ಭಲೇ ಉಂದಿ! ಎಲ್ಲಿ ಕಲ್ತ್ರಿ ಅದನ್ನ?" ಅಂದರು.

ನಾನು ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡೆ. ಹಿಂದೆ ನಿಂತಿದ್ದ ಅಮ್ಮ ಮೆಲ್ಲಗೆ ಹೇಳಿದಳು: "ಅದು ಕಲ್ತಿದ್ದಲ್ಲ ಬಿಡಪ್ಪ."

ಅವರು ನಕ್ಕು ಹೋದರು. ನಾವಿಬ್ಬರೇ ಉಳಿದೆವು. ನಾನು ಪಟ್ಟಿಗಳನ್ನು ಸುತ್ತತೊಡಗಿದೆ, ಅಮ್ಮ ಗಂಜಿಯ ಕೋಲೊಂದನ್ನು ಕೈಗೆತ್ತಿಕೊಂಡಳು.

"ಬಲಗೈಯವು ಸುತ್ತಲೂ ಒಂದೇ ಸಮ ಸವೆದಿದ್ವು. ಎಡಗೈಯವು ಒಂದೇ ಕಡೆ ಜುಂಗೆದ್ದಿದ್ವು, ಉಜ್ಜಿದಂಗೆ. ಆ ಸವಕಲು ನಂಗೆ ಗೊತ್ತಿಲ್ವಾ? ಯಾವಾಗ್ಲಿಂದ?"

ಸುಳ್ಳು ಹೇಳಲು ಹೊರಟೆ. ಬರಲಿಲ್ಲ. "ಹೋದ ಯುಗಾದಿಯಿಂದ."

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಹಲ್ಲಿನಲ್ಲಿ ನೂಲಿನ ತುದಿ ಕಚ್ಚಿ ಬಿಡಿಸುತ್ತ ಹೇಳಿದಳು: "ನಂಗೂ ಹಿಂಗೇ ಕಣಮ್ಮ. ಲಾಳಿ ಹಾಕಾಗ ಕೈ ತಾಗಿ ಹಾಸು ಹರೀತಿತ್ತು. ನಿಮ್ ತಾತಂಗೆ ಗೊತ್ತಾಗ್ಬಾರ್ದು ಅಂತ ಗಂಜಿ ದಪ್ಪ ಮಾಡ್ದೆ. ಇನ್ನೂ ದಪ್ಪ ಮಾಡ್ದೆ. ಕಂಬಳಿ ರಟ್ಟಿನಂಗೆ ಆಗೋದು, ನೂಲು ಸರಿಯಿಲ್ಲ ಅಂತ ಅವರೇ ಬೈಕಂಡ್ರು. ಯಾರ್ಗೂ ಗೊತ್ತಾಗ್ಲಿಲ್ಲ. ನಿಂಗೂ ಹಂಗೇ ಆಯ್ತದೆ ಅಂದ್ಕಂಡು ಹಾಕ್ಬುಟ್ಟೆ. ತಪ್ಪಾಯ್ತು."

"ಎಷ್ಟು ದಿನ ನಡೀತು ಹಾಗೆ?" ಅಂದೆ.

"ಎರಡು ವರ್ಸ."

ಬಿಚ್ಚಿದ ನೂಲನ್ನು ಉಂಡೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಮನೆಗೆ ಹೋಗಿ ಮೆತ್ತಗೆ ಸುತ್ತಿಕೊಡ್ತೀನಿ, ನಡಿ," ಅಂದಳು. ಆಟೋದಲ್ಲಿ ನನ್ನ ಎಡಗೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಪಾವಗಡ ಬರುವವರೆಗೂ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಅವಳಿಗೆ ಸಿಕ್ಕಿದ್ದು ಎರಡು ವರ್ಷ. ನನಗೆ ಮುಂದಿನ ತಿಂಗಳು ಯುಗಾದಿಗೆ ಒಂದು.